ಜೀವಮಾನದ ಎಣ್ಣೆಯನ್ನು ನಾನು ಬದಲಿಸಿದ್ದು

ಓದಿ ಅರ್ಥ ಮಾಡಿಕೊಂಡರೆ ಮನುಷ್ಯನಿಗೆ ಆಗದ ಕೆಲಸ ಯಾವುದೂ ಇಲ್ಲ ಎಂದು ನಾನು ನಂಬಿದ್ದೆ. ಮುಳಬಾಗಿಲಿನ ಒಂದು ಸರ್ಕಾರಿ ಕಚೇರಿಯಲ್ಲಿ ಇಪ್ಪತ್ತು ವರ್ಷ ಸುತ್ತೋಲೆಗಳನ್ನು ಓದಿ, ಅವುಗಳ ಅರ್ಥವನ್ನು ಉಳಿದವರಿಗೆ ಬಿಡಿಸಿ ಹೇಳಿದವನು ನಾನು. ಬರೆದವರಿಗೇ ಗೊತ್ತಿಲ್ಲದ ಅರ್ಥಗಳನ್ನೂ ಹೊರಗೆ ತೆಗೆದಿದ್ದೇನೆ. ಅಂಥವನಿಗೆ ಒಂದು ಕಾರಿನ ಪುಸ್ತಕ ಯಾವ ಲೆಕ್ಕ!

ಕಾರು ನನ್ನದಲ್ಲ, ನನ್ನ ಹೆಂಡತಿ ಸುಮಿತ್ರಳದು. ಮೂರನೇ ವಯಸ್ಸಿನಲ್ಲಿ ಪೋಲಿಯೋ ಬಂದು ಅವಳ ಎಡಗಾಲು ಸೋತಿತ್ತು. ಶ್ರೀನಿವಾಸಪುರದ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದಳು. ಹದಿನಾಲ್ಕು ವರ್ಷ ಬಸ್ಸಿನಲ್ಲೇ ಓಡಾಡಿದಳು. ಬಸ್ಸಿನ ಮೆಟ್ಟಿಲು ಎತ್ತರ; ದಿನಾ ಬೆಳಿಗ್ಗೆ ಕಂಡಕ್ಟರೋ, ಇನ್ಯಾರೋ ಗುರುತಿಲ್ಲದವರೋ ಅವಳ ತೋಳು ಹಿಡಿದು ಮೇಲಕ್ಕೆ ಎಳೆದುಕೊಳ್ಳಬೇಕಾಗಿತ್ತು. ಅವರೆಲ್ಲ ಒಳ್ಳೆಯವರೇ. ಆದರೂ ತೋಳು ಹಿಡಿಸಿಕೊಂಡು ಹತ್ತಿದ ದಿನ ಮೊದಲ ಪೀರಿಯಡ್ಡಿನಲ್ಲಿ ತನಗೆ ಮಕ್ಕಳ ಮೇಲೆ ಸಿಟ್ಟು ಬರುತ್ತದೆ ಎಂದು ಒಮ್ಮೆ ಹೇಳಿದ್ದಳು.

ಎರಡು ಸಾವಿರದ ಇಸವಿಯ ಆಚೀಚೆ ಬೆಂಗಳೂರಿನಲ್ಲಿ ಯಾರೋ ಆಟೋಮ್ಯಾಟಿಕ್ ಗೇರಿನ ಹಳೆಯ ಕಾರು ಮಾರುತ್ತಿದ್ದಾರೆಂದು ತಿಳಿದು ತಂದೆವು. ಅದರಲ್ಲಿ ಕ್ಲಚ್ ಇಲ್ಲ, ಎಡಗಾಲಿಗೆ ಕೆಲಸವೇ ಇಲ್ಲ. ಸುಮಿತ್ರ ಒಂದೇ ತಿಂಗಳಲ್ಲಿ ಓಡಿಸುವುದನ್ನು ಕಲಿತಳು. ಆಮೇಲೆ ಸಂಜೆ ಅರ್ಧ ಗಂಟೆ ತಡವಾಗಿ ಮನೆಗೆ ಬರತೊಡಗಿದಳು. ಎಲ್ಲಿಗೆ ಹೋಗಿದ್ದೆ ಎಂದರೆ, "ಎಲ್ಲಿಗೂ ಇಲ್ಲಾರೀ, ಸುಮ್ನೆ ಒಂದು ರೌಂಡು" ಎನ್ನುತ್ತಿದ್ದಳು. ನಲವತ್ತೆರಡು ವರ್ಷಗಳಲ್ಲಿ ಅವಳು ಸುಮ್ಮನೆ ಎಲ್ಲಿಗಾದರೂ ಹೋಗಿದ್ದು ಅದೇ ಮೊದಲು.

ಎಲ್ಲವೂ ಹೀಗೆ ಚೆನ್ನಾಗಿ ನಡೆಯುತ್ತಿರುವಾಗ ನಾನು ಪುಸ್ತಕ ಓದಿದೆ.

ಗೇರ್ ಪೆಟ್ಟಿಗೆಯನ್ನು ಕಂಪನಿಯಲ್ಲೇ ಸೀಲ್ ಮಾಡಲಾಗಿದೆ, ಅದರ ಎಣ್ಣೆಯನ್ನು ಜೀವಮಾನವಿಡೀ ಬದಲಿಸಬೇಕಾಗಿಲ್ಲ ಎಂದು ಅದರಲ್ಲಿ ಬರೆದಿತ್ತು. ನನ್ನ ಕಚೇರಿಯ ಬುದ್ಧಿ ಕೂಡಲೇ ಎಚ್ಚೆತ್ತಿತು. ಯಾರ ಜೀವಮಾನ? ಕಾರಿನದೋ, ಮಾಲೀಕನದೋ, ಅಥವಾ ಸದರಿ ಎಣ್ಣೆಯದೋ? ಎಣ್ಣೆಯದೇ ಆದಲ್ಲಿ, ಅದರ ಜೀವಮಾನ ಈಗಾಗಲೇ ಮುಗಿದಿಲ್ಲವೆಂಬುದಕ್ಕೆ ಆಧಾರವೇನು? ಈ ಮೂರು ಪ್ರಶ್ನೆಗಳಿಗೂ ಪುಸ್ತಕದಲ್ಲಿ ಉತ್ತರವಿರಲಿಲ್ಲ. ಆದ್ದರಿಂದ ಪುಸ್ತಕವೇ ತಪ್ಪು ಎಂದು ತೀರ್ಮಾನಿಸಿದೆ.

ಇದಕ್ಕೆ ಹುಟ್ಟುಗುಣವೂ ಸೇರಿಕೊಂಡಿತು. ನಮ್ಮದು ಅರ್ಚಕರ ಮನೆತನ. ನಿನ್ನೆಯ ದೀಪದಲ್ಲಿ ಉಳಿದ ಎಣ್ಣೆಗೆ ಇವತ್ತು ಬತ್ತಿ ಹಾಕುವಂತಿಲ್ಲ. ಅದನ್ನು ತೆಗೆದು, ದೀಪ ತಿಕ್ಕಿ ತೊಳೆದು, ಹೊಸ ಎಣ್ಣೆ ಹೊಯ್ದೇ ಹಚ್ಚಬೇಕೆಂದು ಅಪ್ಪ ನನಗೆ ಜನಿವಾರದ ಜೊತೆಗೇ ಕಲಿಸಿದ್ದರು. ಆಯುಧಪೂಜೆಗೆ ಎರಡು ದಿನ ಉಳಿದಿತ್ತು. ಏಳೆಂಟು ವರ್ಷದ ಹಳೆಯ ಎಣ್ಣೆಯನ್ನು ಹೊಟ್ಟೆಯಲ್ಲಿಟ್ಟುಕೊಂಡಿರುವ ಕಾರಿಗೆ ಕುಂಕುಮ ಹಚ್ಚಿ ಕುಂಬಳಕಾಯಿ ಒಡೆಯಲು ನನ್ನ ಮನಸ್ಸು ಒಪ್ಪಲಿಲ್ಲ.

ಹಾಗೆಂದು ತಿಳಿದವರನ್ನು ಕೇಳದೆ ಇರಲಿಲ್ಲ. ಕೋಲಾರದಲ್ಲಿ ಮಸ್ತಾನ್ ಸಾಬ್ ಎಂಬ ಮೆಕ್ಯಾನಿಕ್ಕು ನಮ್ಮ ಕಾರನ್ನು ನೋಡಿಕೊಳ್ಳುತ್ತಿದ್ದರು. ಹೋಗಿ ವಿಚಾರಿಸಿದೆ. ಅವರು ಕೈ ಒರೆಸಿಕೊಳ್ಳುತ್ತಾ ಹೇಳಿದರು: "ಗಾಡಿ ಚೆನ್ನಾಗಿ ಓಡ್ತಾ ಐತಲ್ಲ ಸಾರ್? ಬಿಟ್ಬಿಡಿ ಅದನ್ನ. ಮಾಡಿಸ್ಲೇಬೇಕು ಅಂದ್ರೆ ಬೆಂಗ್ಳೂರ್‌ಗೆ ತಗೊಂಡೋಗಿ. ಅದರದ್ದೇ ಎಣ್ಣೆ ಇರ್ತದೆ, ಅದರದ್ದೇ ಅಳತೆ ಇರ್ತದೆ. ನಾನೇ ಅದಕ್ಕೆ ಕೈ ಹಾಕಲ್ಲ."

ಪಾಪ, ಇವರಿಗೆ ಗೊತ್ತಿಲ್ಲ ಎಂದುಕೊಂಡು ಬಸ್ಸು ಹತ್ತಿ ಬಂದೆ. ಮೂವತ್ತು ವರ್ಷ ಗಾಡಿ ಬಿಚ್ಚಿದ ಮನುಷ್ಯ ಒಂದಕ್ಕೆ ಕೈ ಹಾಕುವುದಿಲ್ಲ ಎಂದರೆ ಅದು ಅವರ ಅಜ್ಞಾನವೆಂದು ಭಾವಿಸುವುದಕ್ಕೆ ತುಂಬಾ ಓದಿರಬೇಕು.

ಪುಸ್ತಕದಲ್ಲಿ ಹೇಳಿದ್ದ ಎಣ್ಣೆ ಮುಳಬಾಗಿಲಿನ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಆಗ ಪಕ್ಕದ ಮನೆಯ ಮುನಿಸ್ವಾಮಪ್ಪ ಕೈಹಿಡಿದ. ಟ್ರಾಕ್ಟರ್ ಇಟ್ಟುಕೊಂಡಿರುವವನು, ಮನೆಯಲ್ಲಿ ತೆಲುಗು, ಹೊರಗೆ ಕನ್ನಡ, ಎರಡರಲ್ಲೂ ಒಂದೇ ಧೈರ್ಯ. "ಆಯಿಲ್ ಅಂದ್ರೆ ಆಯಿಲೇ ಐನೋರೆ. ಟ್ರಾಕ್ಟರ್ ಗೇರೇ ಓಡ್ತದೆ, ಈ ಬುಜ್ಜಿ ಕಾರು ಓಡಲ್ವಾ?" ಎಂದು ತನ್ನ ಗೇರ್ ಆಯಿಲ್ ಡಬ್ಬವನ್ನು ತಂದುಕೊಟ್ಟ. ಅದು ಹರಳೆಣ್ಣೆಗಿಂತ ಮಂದವಾಗಿತ್ತು. ಮಂದವಾಗಿದ್ದರೆ ಗಟ್ಟಿಮುಟ್ಟು ಎಂದು ನಾನು ಸಂತೋಷಪಟ್ಟೆ.

ಸುಮಿತ್ರ ಹೊಸ್ತಿಲಲ್ಲಿ ನಿಂತು, ಓಡುತ್ತಿರುವುದನ್ನು ಯಾಕೆ ಬಿಚ್ಚುತ್ತೀರಿ ಎಂದು ಎರಡು ಸಲ ಕೇಳಿದಳು. ವಿಜ್ಞಾನದ ಮೇಡಂ ಆಗಿ ಇಷ್ಟು ಹೆದರಿದರೆ ಹೇಗೆ ಎಂದು ನಾನು ನಕ್ಕೆ. ಮೂರನೇ ಸಲ ಅವಳು ಕೇಳಲಿಲ್ಲ.

ಕಾರನ್ನು ಕಲ್ಲುಚಪ್ಪಡಿಗಳ ಮೇಲೆ ಹತ್ತಿಸಿ, ಕೆಳಗೆ ಅಂಗಾತ ಮಲಗಿ ಬೋಲ್ಟ್ ಬಿಚ್ಚಿದೆ. ಬಂದ ಎಣ್ಣೆ ಕೆಂಪಗಿತ್ತು! ತಿಳಿಯಾಗಿ, ಒಳ್ಳೆಯ ಕುಂಕುಮದ ನೀರಿನಂತಿತ್ತು. ಇದು ಹುಟ್ಟಿದ್ದೇ ಕೆಂಪಗೆ, ಕೆಂಪಗಿದ್ದರೆ ಆರೋಗ್ಯವಾಗಿದೆ ಎಂದು ಅರ್ಥ ಎನ್ನುವುದು ನನಗೆ ಗೊತ್ತಾಗಿದ್ದು ಆಮೇಲೆ. ಎಣ್ಣೆ ಕೆಂಪಗಾಗುವಷ್ಟು ಕೆಟ್ಟಿದೆ, ಸರಿಯಾದ ಸಮಯಕ್ಕೆ ಕೈ ಹಾಕಿದೆ ಎಂದು ಕಾರಿನ ಕೆಳಗಿನಿಂದಲೇ ಹೆಂಡತಿಗೆ ಕೂಗಿ ಹೇಳಿದೆ.

ಈ ಗೇರ್ ಪೆಟ್ಟಿಗೆಯಲ್ಲಿ ಎಣ್ಣೆ ಎಷ್ಟಿದೆಯೆಂದು ನೋಡುವ ಕಡ್ಡಿ ಇರಲಿಲ್ಲ. ಆದ್ದರಿಂದ ಹೊರಗೆ ಬಂದಷ್ಟನ್ನೇ ಅಳೆದು ಒಳಗೆ ಹೊಯ್ಯುವುದು ನನ್ನ ಯೋಜನೆ. ಮೈಗೆ ಅಂಟಿದ್ದನ್ನು ತೊಳೆದುಕೊಂಡು ಬರುವಷ್ಟರಲ್ಲಿ ಎಣ್ಣೆ ಹಿಡಿದಿಟ್ಟಿದ್ದ ಬೋಗುಣಿ ಖಾಲಿಯಾಗಿತ್ತು. ಗೆದ್ದಲಿಗೆ ಒಳ್ಳೆಯದೆಂದು ಮುನಿಸ್ವಾಮಪ್ಪ ಅದನ್ನು ಒಯ್ದು ಕೊಟ್ಟಿಗೆಯ ಕಂಬಗಳಿಗೆಲ್ಲ ಬಳಿದುಬಿಟ್ಟಿದ್ದ. ಇನ್ನು ಕಂಬಗಳನ್ನು ಹಿಂಡುವಂತಿರಲಿಲ್ಲ. ಅಂದಾಜಿನ ಮೇಲೆ ಹೊಯ್ದೆ. ಕಡಿಮೆಯಾದರೆ ತೊಂದರೆ ಎಂದು ಇನ್ನಷ್ಟು ಹೊಯ್ದೆ.

ಸ್ಟಾರ್ಟ್ ಮಾಡಿ ಗೇರಿಗೆ ಹಾಕಿದರೆ ಕಾರು ಸ್ವಲ್ಪ ಹೊತ್ತು ಯೋಚಿಸಿತು. ಆಮೇಲೆ ಒಮ್ಮೆ ನರಳಿ, ಮುಗ್ಗರಿಸಿ ಮುಂದೆ ಹೋಯಿತು. ಹೊಸ ಎಣ್ಣೆ, ಒಗ್ಗಿಕೊಳ್ಳಬೇಕು ಎಂದೆ. ಪೂಜೆ ಸಾಂಗವಾಗಿ ನಡೆಯಿತು. ಮಂತ್ರ ಒಂದೂ ತಪ್ಪಲಿಲ್ಲ.

ರಜೆ ಮುಗಿದ ಮೊದಲ ದಿನ ಸುಮಿತ್ರ ಶಾಲೆಗೆ ಹೊರಟಳು. ಶ್ರೀನಿವಾಸಪುರಕ್ಕೆ ಇನ್ನೂ ಅರ್ಧ ದಾರಿಯಿರುವಾಗ, ಎರಡೂ ಕಡೆ ಮಾವಿನ ತೋಪು ಬಿಟ್ಟರೆ ಇನ್ನೇನೂ ಇಲ್ಲದ ಜಾಗದಲ್ಲಿ ಕಾರು ನಿಂತಿತು. ಇಂಜಿನ್ ಕೂಗುತ್ತದೆ, ಚಕ್ರ ತಿರುಗುವುದಿಲ್ಲ. ಒಂದು ಗಂಟೆ ಕಾದಳಂತೆ. ಆಮೇಲೆ ಹತ್ತಿರದ ಹಳ್ಳಿಯವರೆಗೆ ನಡೆದಳು. ಆ ಕಾಲಿನಲ್ಲಿ, ಬಿಸಿಲಿನಲ್ಲಿ, ಎರಡು ಮೈಲಿ. ಅಲ್ಲಿಂದ ಟೊಮೇಟೊ ಕ್ರೇಟುಗಳನ್ನು ಸಾಗಿಸುವ ಟೆಂಪೋದವನು ಅವಳನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಬಂದು ಮನೆಯ ಮುಂದೆ ಇಳಿಸಿದ.

ಕಾಲಿಗೆ ಕಟ್ಟಿಕೊಳ್ಳುತ್ತಿದ್ದ ಕಬ್ಬಿಣದ ಪಟ್ಟಿ ಒತ್ತಿ ಚರ್ಮ ಕಿತ್ತುಬಂದಿತ್ತು. ಅವಳು ಜಗಲಿಯ ಮೇಲೆ ಕೂತು ಅದನ್ನು ಬಿಚ್ಚುತ್ತಿದ್ದಳು. ಆಗ ನಾನು ಕೇಳಿದ ಮೊದಲ ಪ್ರಶ್ನೆಯನ್ನು ಇಲ್ಲಿ ದಾಖಲಿಸಲು ನಾಚಿಕೆಯಾಗುತ್ತದೆ, ಆದರೂ ದಾಖಲಿಸುತ್ತೇನೆ.

"ಗೇರ್ ಯಾವುದ್ರಲ್ಲಿ ಹಾಕಿದ್ದೆ?"

ಅವಳು ಬಿಸಿನೀರು ಕಾಯಿಸಿ ತರಲು ಹೇಳಿದಳು, ಅಷ್ಟೇ. ನಾನು ನೀರಿಟ್ಟು, ಅದು ಕಾಯುವಷ್ಟರಲ್ಲಿ ಮುನಿಸ್ವಾಮಪ್ಪನ ಮನೆಗೆ ಓಡಿದೆ. ತಪ್ಪನ್ನು ಕೂಡಲೇ ಸರಿಪಡಿಸಬೇಕಲ್ಲ!

ಮರುದಿನ ಟ್ರಾಕ್ಟರಿಗೆ ಹಗ್ಗ ಕಟ್ಟಿ ಕಾರನ್ನು ಕೋಲಾರದವರೆಗೂ ಎಳೆಸಿಕೊಂಡು ಹೋದೆವು. ಸ್ಟಿಯರಿಂಗ್ ಹಿಡಿದು ಕೂತಿದ್ದವನು ನಾನೇ. ದಾರಿಯುದ್ದಕ್ಕೂ ಅಡಿಯಿಂದ ಸುಟ್ಟ ವಾಸನೆ ಬರುತ್ತಿತ್ತು. ಟ್ರಾಕ್ಟರಿನದಿರಬೇಕು ಎಂದುಕೊಂಡೆ.

ಮಸ್ತಾನ್ ಸಾಬ್ ಬಗ್ಗಿ ಒಂದು ಹನಿ ಎಣ್ಣೆಯನ್ನು ಬೆರಳಿಗೆ ತೆಗೆದುಕೊಂಡು ಉಜ್ಜಿದರು, ಮೂಸಿದರು. ಆಮೇಲೆ ಟ್ರಾಕ್ಟರನ್ನೂ ಹಗ್ಗವನ್ನೂ ನೋಡಿದರು.

"ಚಕ್ರ ನೆಲದ ಮೇಲೆ ಇಟ್ಕೊಂಡೇ ಎಳ್ಕೊಂಡ್ ಬಂದ್ರಾ ಸಾರ್?"

"ಮತ್ತೆ ಹೇಗೆ ತರೋದು?"

ಅವರು ಪಕ್ಕದಲ್ಲಿದ್ದ ಟೈರಿನ ಮೇಲೆ ಕೂತರು. "ಎಣ್ಣೆ ಹಾಕಿದ್ದಕ್ಕೆ ಅರ್ಧ ಸತ್ತಿತ್ತು. ಎಳೆದಿದ್ದಕ್ಕೆ ಚಕ್ರದ ಜೊತೆ ಒಳಗಿನ ಗೇರೂ ತಿರುಗಿ ಪೂರ್ತಿ ಸತ್ತೋಯ್ತು. ಈ ಮಾಡೆಲ್ ಗಾಡಿ ಈಗ ಬರಲ್ಲ, ಸಾಮಾನೂ ಸಿಗಲ್ಲ." ಬೆರಳು ಒರೆಸಿಕೊಂಡು ಕೇಳಿದರು, "ಮೇಡಮ್ಮೋರು ಹೆಂಗೆ ಓಡಾಡ್ತಾರೆ ಈಗ?"

ಅದುವರೆಗೆ ನಾನು ಆ ಪ್ರಶ್ನೆಯನ್ನು ಕೇಳಿಕೊಂಡಿರಲಿಲ್ಲ. ಗೇರ್ ಪೆಟ್ಟಿಗೆಯ ಬಗ್ಗೆ ಅಷ್ಟು ಆಳವಾಗಿ ಯೋಚಿಸಿದವನಿಗೆ ಇದು ಹೊಳೆದೇ ಇರಲಿಲ್ಲ. ಅವರ ಮುಖ ನೋಡಲಾಗದೆ ಹಗ್ಗ ಬಿಚ್ಚತೊಡಗಿದೆ.

ಮನೆಗೆ ಬಂದು ಸುಮಿತ್ರಳಿಗೆ ಹೇಳಿದೆ. ಇನ್ನೊಂದು ಕಾರು ಹುಡುಕೋಣ, ಅಂಥದ್ದೇ ಸಿಗುತ್ತದೆ, ನಾನು ವಿಚಾರಿಸುತ್ತೇನೆ ಎಂದು ಏನೇನೋ ಹೇಳುತ್ತಾ ಹೋದೆ. ಅವಳು ಉತ್ತರಪತ್ರಿಕೆ ತಿದ್ದುವುದನ್ನು ನಿಲ್ಲಿಸಿದಳು. ದನಿ ಏರಿಸಲಿಲ್ಲ.

"ನಿಮಗೆ ಹೋಗಿದ್ದು ಒಂದು ಗೇರ್ ಪೆಟ್ಟಿಗೆ. ನನಗೆ ಕಾಲು ಹೋಯ್ತು, ಎರಡನೇ ಸಲ."

ನನಗೆ ಅಳು ಬಂತು. ಅಳುವ ಹಕ್ಕು ನನಗಿಲ್ಲವೆಂದು ತಿಳಿದು ಹಿತ್ತಲಿಗೆ ಹೋದೆ. ಇನ್ನೊಂದು ಕಾರು ಮನೆಗೆ ಬರಲಿಲ್ಲ. ಸಿಕ್ಕ ಒಂದೆರಡನ್ನು ನಾನು ಹೊಗಳಿದ್ದರಿಂದಲೇ ಅವಳು ಬೇಡವೆಂದಳು.

ಕೊನೆಗೆ ನಾನು ಒಂದು ಸ್ಕೂಟರ್ ಕೊಂಡು, ಅದರಲ್ಲಿ ಅವಳನ್ನು ದಿನಾ ಶ್ರೀನಿವಾಸಪುರಕ್ಕೆ ಬಿಟ್ಟು, ಕಚೇರಿಗೆ ತಡವಾಗಿ ಬಂದು, ಸಂಜೆ ಮತ್ತೆ ಹೋಗಿ ಕರೆತರತೊಡಗಿದೆ. ಅವಳು ಹತ್ತಲು ತೋಳು ಕೊಡುತ್ತೇನೆ. ಕಂಡಕ್ಟರುಗಳ ತೋಳಿನಂತೆಯೇ ಅದನ್ನೂ ಹಿಡಿಯುತ್ತಾಳೆ. ಸಂಜೆ ಸರಿಯಾದ ಸಮಯಕ್ಕೆ ಮನೆ ಸೇರುತ್ತೇವೆ.

ಊರಿನವರ ಕಣ್ಣಿಗೆ ಇದು ಬೇರೆಯೇ ಕಂಡಿತು. ಶಾಲೆಯ ಟೀಚರುಗಳು ತಮ್ಮ ಗಂಡಂದಿರಿಗೆ ನನ್ನನ್ನು ತೋರಿಸಿ ಬೈದರಂತೆ. ಮೂರನೇ ವರ್ಷದ ಶಾಲಾ ವಾರ್ಷಿಕೋತ್ಸವದಲ್ಲಿ ಹೆಡ್‌ಮಾಸ್ಟರು ನನ್ನನ್ನು ವೇದಿಕೆಗೆ ಕರೆದು, ಆದರ್ಶ ಪತಿ ಎಂದು ಸಾರಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ಮೈಕನ್ನೂ ಕೈಗಿತ್ತರು.

ಎದುರಿಗೆ ಮೊದಲ ಸಾಲಿನಲ್ಲಿ ಸುಮಿತ್ರ ಕೂತಿದ್ದಳು. ಕಾರನ್ನು ಕೊಂದವನು ನಾನೇ ಎಂಬ ನಿಜ ಹೇಳಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗುವುದಿಲ್ಲ ಎನಿಸಿತು. ಗಂಟಲು ಸರಿಮಾಡಿಕೊಂಡೆ.

"ಇದರಲ್ಲಿ ನನ್ನದೇನೂ ಹೆಚ್ಚುಗಾರಿಕೆ ಇಲ್ಲ, ಇದು ನನ್ನ ಕರ್ತವ್ಯ" ಎಂದೆ.

ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ. ಸುಮಿತ್ರಳೂ ತಟ್ಟಿದಳು, ಎಲ್ಲರಿಗಿಂತ ನಿಧಾನವಾಗಿ, ಎಲ್ಲರೂ ನಿಲ್ಲಿಸಿದ ಮೇಲೂ.