ರಾಜನ ಮೂವರು ರಾಣಿಯರು

ಮೀನಿಗೆ ಮರಿ ಮಾಡಿಸುವುದೇನು ಮಹಾ ಕೆಲಸ ಎಂದುಕೊಂಡಿದ್ದೆ. ನೀರಿದೆ, ಗಂಡಿದೆ, ಹೆಣ್ಣಿದೆ. ಮಿಕ್ಕಿದ್ದನ್ನು ಅವೇ ನೋಡಿಕೊಳ್ಳುತ್ತವೆ. ಅಲ್ಲದೆ ನಾನೇನು ಸಾಮಾನ್ಯಳೇ? ಪೀಣ್ಯದ ನಟ್ಟು-ಬೋಲ್ಟು ಕಾರ್ಖಾನೆಯ ಕ್ವಾಲಿಟಿ ಇನ್ಸ್‌ಪೆಕ್ಟರ್! ದಿನವಿಡೀ ಗೇಜು ಹಿಡಿದು "ಇದು ಓಕೆ, ಇದು ರಿಜೆಕ್ಟ್" ಎಂದು ತೀರ್ಪು ಕೊಡುವವಳು. ನನ್ನ ಕಣ್ಣು ತಪ್ಪಿಸಿ ಒಂದು ಸೊಟ್ಟ ಬೋಲ್ಟು ಗೇಟು ದಾಟುವಂತಿರಲಿಲ್ಲ.

ನಮ್ಮ ಮನೆ ಮಾದನಾಯಕನಹಳ್ಳಿಯಲ್ಲಿ, ಹೊನ್ನಮ್ಮನವರ ಮಹಡಿಯ ಮೇಲೆ. ತುಮಕೂರು ರಸ್ತೆಯಲ್ಲಿ ಮೇಲ್ಸೇತುವೆ ಕಟ್ಟುತ್ತಿದ್ದ ಕಾಲ ಅದು. ಮನೆಯೊಳಗೆ ನಾವು ಮೂವರು ಮತ್ತು ಧೂಳು. ಮೂವರೆಂದರೆ ನಾನು, ಬೇರೊಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದ ನಮ್ಮವರು, ಮತ್ತು ಅತ್ತೆ. ನಾಲ್ಕನೆಯ ಜೀವ ಬರಲೆಂದು ನಾನು ವರ್ಷಗಳಿಂದ ಕಾಯುತ್ತಿದ್ದೆ. ನನ್ನ ರಕ್ತ, ನನ್ನ ಗರ್ಭಕೋಶ, ನನ್ನ ಹಾರ್ಮೋನು ಎಲ್ಲವನ್ನೂ ಪರೀಕ್ಷಿಸಿ ಮುಗಿಸಿದ್ದ ಡಾಕ್ಟರಮ್ಮ, "ನಿಮ್ಮಲ್ಲಿ ಏನೂ ತೊಂದ್ರೆ ಕಾಣ್ತಿಲ್ಲ. ಮುಂದಿನ ಸಲ ಯಜಮಾನ್ರನ್ನ ಕರ್ಕೊಂಡು ಬನ್ನಿ, ಸಣ್ಣ ಟೆಸ್ಟು" ಎಂದಿದ್ದರು.

ಆ ಮುಂದಿನ ಸಲ ಬರಲೇ ಇಲ್ಲ. ಒಮ್ಮೆ ಆಡಿಟ್ ಅಡ್ಡ ಬಂತು, ಒಮ್ಮೆ ನೆಗಡಿ. "ನಂಗೇನಾಗಿದೆ? ಗುಂಡುಕಲ್ಲಿದ್ದಂಗಿದೀನಿ!" ಎಂದು ನಮ್ಮವರು ಎದೆ ತಟ್ಟಿಕೊಳ್ಳುತ್ತಿದ್ದರು. ಗುಂಡುಕಲ್ಲಿಗೆ ಮಕ್ಕಳಾಗಿದ್ದನ್ನು ನಾನಂತೂ ಕಂಡಿರಲಿಲ್ಲ.

ಅಷ್ಟರಲ್ಲಿ ಅತ್ತೆಗೆ ಯಾರೋ ಶಾಸ್ತ್ರ ಹೇಳುವವರು ಸಿಕ್ಕಿದರು. ಮನೆಯಲ್ಲಿ ಮೀನಿನ ವಂಶ ಬೆಳೆದರೆ ಸೊಸೆಯ ಮಡಿಲೂ ತುಂಬುತ್ತದಂತೆ! ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಂತೆ ನಮ್ಮವರು ಅದನ್ನು ಹಿಡಿದುಕೊಂಡರು. "ಮೊದ್ಲು ಇದನ್ನ ನೋಡೋಣ ಕಣೇ. ಮೀನು ಮರಿ ಮಾಡಿದ್ಮೇಲೂ ಏನೂ ಆಗ್ಲಿಲ್ಲಾಂದ್ರೆ ಖಂಡಿತ ಆಸ್ಪತ್ರೆಗೆ ಬರ್ತೀನಿ." ಮಾತು ಕೊಟ್ಟರಲ್ಲ, ನನಗಷ್ಟೇ ಸಾಕಿತ್ತು. ಮರಿ ಮಾಡಿಸಿಯೇ ತೀರುತ್ತೇನೆಂದು ಟೊಂಕ ಕಟ್ಟಿದೆ.

ಯಶವಂತಪುರದ ಮೀನಿನಂಗಡಿಯಿಂದ ಗಂಡು ಫ್ಲವರ್‌ಹಾರ್ನ್ ಬಂತು. ಊರಲ್ಲೆಲ್ಲ ಅದೃಷ್ಟದ ಮೀನೆಂದು ಅದರ ಹುಚ್ಚು ಹಿಡಿದಿದ್ದ ಕಾಲ. ಕೆಂಪು ಮೈ, ಹಣೆಯ ಮೇಲೆ ಮೂಸಂಬಿಯಷ್ಟು ದೊಡ್ಡ ಉಬ್ಬು! "ಏನ್ ಗತ್ತು, ಏನ್ ಗಂಡಸ್ತನ!" ಎಂದು ನಮ್ಮವರು ತಾವೇ ಹಡೆದಂತೆ ಹಿಗ್ಗಿ ರಾಜ ಎಂದು ಹೆಸರಿಟ್ಟರು. ತೊಟ್ಟಿಯ ಗಾಜಿಗೆ ಬೆರಳಿಟ್ಟರೆ ಅದು ಕಚ್ಚಲು ಬರುತ್ತಿತ್ತು, ಇವರು ಸಂಭ್ರಮಿಸುತ್ತಿದ್ದರು.

ಮೊದಲನೆಯ ರಾಣಿಯನ್ನು ತಂದು ತೊಟ್ಟಿಯ ನಡುವೆ ಜಾಲರಿ ಹಾಕಿ, ಆಚೆ ಕಡೆ ಬಿಟ್ಟೆವು. ಕೆಲವು ವಾರಗಳಲ್ಲಿ ಅವಳ ಹೊಟ್ಟೆ ಉಬ್ಬಿತು, ಅಡಿಯಲ್ಲಿ ಮೊಟ್ಟೆಯಿಡುವ ಸಣ್ಣ ನಳಿಕೆ ಇಣುಕಿತು. ನಾನಿಟ್ಟ ಟೈಲ್ಸ್ ತುಂಡನ್ನು ಬಾಯಿಂದಲೇ ಉಜ್ಜಿ ಉಜ್ಜಿ ಸ್ವಚ್ಛ ಮಾಡಿದಳು. ಜಾಲರಿ ತೆಗೆದೆವು. ಅವಳು ಸಾಲಾಗಿ ಜೇನಿನ ಬಣ್ಣದ ಮೊಟ್ಟೆಗಳನ್ನು ಅಂಟಿಸುತ್ತಾ ಹೋದಳು, ರಾಜ ತನ್ನ ಪಾಲಿನ ಕೆಲಸ ಮುಗಿಸುವಂತೆ ಅವುಗಳ ಮೇಲೆ ತೇಲಿ ಹೋದ. ಆದದ್ದು ಇಷ್ಟೇ, ಆದರೆ ನಮ್ಮವರು ಮೀಸೆ ತಿರುವಿಕೊಂಡರು. ನಾನು ಕೇಸರಿಬಾತ್ ಮಾಡಿ ಕೆಳಗಿನ ಮನೆಗೂ ಕೊಟ್ಟುಬಂದೆ.

ಮಾರನೆಯ ದಿನ ಮೊಟ್ಟೆಗಳು ಸುಣ್ಣ ಬಳಿದಂತೆ ಬೆಳ್ಳಗಾದವು. ಆಮೇಲೆ ಅವಕ್ಕೆ ಬೂಷ್ಟು ಹಿಡಿಯಿತು, ಒಂದೂ ಮರಿಯಾಗಲಿಲ್ಲ. ರಾಣಿ ಮಾತ್ರ ರೆಕ್ಕೆಯಿಂದ ಗಾಳಿ ಬೀಸುತ್ತಲೇ ಇದ್ದಳು.

ಅತ್ತೆ ಕನ್ನಡಕ ಹಾಕಿಕೊಂಡು ನೋಡಿ ತೀರ್ಪು ಕೊಟ್ಟರು. "ಹೆಣ್ಣಿಂದೇ ದೋಷ. ಮೈಯಲ್ಲಿ ಉಷ್ಣ ಜಾಸ್ತಿ ಇರ್ಬೇಕು."

ಇದೇ ಮಾತನ್ನು, ಒಂದಕ್ಷರವೂ ಬದಲಿಸದೆ, ನನಗೂ ಹೇಳಿದ್ದರು. ಆಗ ನಾನು ಬಚ್ಚಲಿಗೆ ಹೋಗಿ ಅತ್ತಿದ್ದೆ. ಈಗ? ಈಗ ನಾನೇ ತಲೆಯಾಡಿಸಿದೆ! "ಹೌದತ್ತೆ, ಅದರ ಮೂತಿ ನೋಡಿದ್ರೇ ಗೊತ್ತಾಗತ್ತೆ" ಎಂದೆ. ರಿಜೆಕ್ಟ್! ಮೊದಲನೆಯ ರಾಣಿ ಅಂಗಡಿಗೆ ವಾಪಸು ಹೋದಳು.

ಎರಡನೆಯವಳು ಬಂದಳು. ರಾಜ ಅವಳ ಬಾಲ ಹರಿದ, ಹುರುಪೆ ಕಿತ್ತ. "ಗಂಡ್ಸು ಅಂದ್ಮೇಲೆ ಸ್ವಲ್ಪ ಕೋಪ ಇರತ್ತೆ. ಹೊಂದ್ಕೊಂಡು ಹೋಗ್ಬೇಕು" ಎಂದು ಅತ್ತೆ ಗಾಜಿನ ಮೂಲಕ ಅವಳಿಗೆ ಬುದ್ಧಿ ಹೇಳಿದರು. ನಾನು ಬಕೆಟ್ಟಿನಲ್ಲಿ ಉಪ್ಪುನೀರು ಮಾಡಿ ಅವಳ ಗಾಯ ಮಾಗಿಸಿದೆ, ಮಾಗಿದ ಮೇಲೆ ಮತ್ತೆ ಅವನ ಬಳಿಗೇ ಬಿಟ್ಟೆ. ಮೊಟ್ಟೆಯಿಟ್ಟಳು. ಬೆಳ್ಳಗಾಯಿತು. ಅವಳೂ ರಿಜೆಕ್ಟ್!

ಮೂರನೆಯವಳನ್ನು ಆರಿಸಲು ನಾನೇ ಖುದ್ದಾಗಿ ಹೋದೆ. ಕಾರ್ಖಾನೆಯ ವರ್ನಿಯರ್ ಕ್ಯಾಲಿಪರ್ ವ್ಯಾನಿಟಿ ಬ್ಯಾಗಿನಲ್ಲಿತ್ತು. ಅಂಗಡಿಯವನು ಬಾಯಿ ಬಿಟ್ಟುಕೊಂಡು ನೋಡುತ್ತಿರಲು, ಪ್ಲಾಸ್ಟಿಕ್ ಚೀಲದ ಹೊರಗಿನಿಂದಲೇ ಹೆಣ್ಣುಮೀನುಗಳ ಹೊಟ್ಟೆ ಅಳೆದು, ಅತಿ ಅಗಲದವಳನ್ನು ಪಾಸು ಮಾಡಿದೆ. ಅವಳು ಟೈಲ್ಸ್ ತುಂಬ ಮೊಟ್ಟೆಯಿಟ್ಟಳು. ಟೈಲ್ಸ್ ತುಂಬ ಬೆಳ್ಳಗಾಯಿತು!

ಮತ್ತೆ ಅಂಗಡಿಗೆ ಮುಖ ತೋರಿಸಲು ನಾಚಿಕೆಯಾಗಿ ಅವಳನ್ನು ಟೈಲ್ಸ್ ಸಮೇತ ಕೆಳಗಿನ ಹೊನ್ನಮ್ಮನಿಗೆ ಕೊಟ್ಟುಬಿಟ್ಟೆ. ಹೊನ್ನಮ್ಮನ ಟಿವಿ ಪಕ್ಕದ ತೊಟ್ಟಿಯಲ್ಲಿ ಒಂದು ಗಂಡಿತ್ತು. ರಾಜನ ಜಾತಿಯೇ, ಆದರೆ ಹಣೆಯಲ್ಲಿ ಉಬ್ಬು ಬಂದಿರಲಿಲ್ಲ, ಬಣ್ಣವೂ ಮಂಕು. ಯಾರೂ ಕೊಳ್ಳುವುದಿಲ್ಲವೆಂದು ಅಂಗಡಿಯವನು ತೊಟ್ಟಿಯ ಜೊತೆ ಪುಕ್ಕಟೆ ಕೊಟ್ಟಿದ್ದ. ನಮ್ಮವರು ಅದನ್ನು ನೋಡಿದಾಗಲೆಲ್ಲ ನಗುತ್ತಿದ್ದರು. ಹೊನ್ನಮ್ಮ ಮೂರನೆಯ ರಾಣಿಯನ್ನು ಅದರ ಜೊತೆಗೇ ಬಿಟ್ಟರು.

ಒಂದು ಭಾನುವಾರ ಕೆಳಗಿನಿಂದ ಹೊನ್ನಮ್ಮ ನನ್ನನ್ನು ಕೂಗಿದರು.

"ಗಿರಿಜಮ್ಮೋ! ಓಡ್ಬಾ ಇಲ್ಲಿ! ಟೈಲ್ಸ್ ಮ್ಯಾಲೆ ಅದೇನೋ ಮಿಜಿಮಿಜಿ ಅಂತೈತೆ!"

ಮೂವರೂ ಇಳಿದು ಹೋದೆವು. ಮರಿಗಳು! ಲೆಕ್ಕವಿಲ್ಲದಷ್ಟು ಮರಿಗಳು ಬಾಲ ಅಲ್ಲಾಡಿಸುತ್ತಿದ್ದವು. ನಾನು ರಿಜೆಕ್ಟ್ ಮಾಡಿದ್ದವಳು ಅವುಗಳ ಮುಂದೆ ಕಾವಲು ನಿಂತು ನನ್ನನ್ನೇ ನೋಡುತ್ತಿದ್ದಳು. ನನಗೆ ಹೊಟ್ಟೆಕಿಚ್ಚಾಯಿತು. ಹೌದು, ಮೀನಿನ ಮೇಲೆ!

"ಈವಮ್ಮಂಗೆ ಏನಾಗಿತ್ತು? ಚೆನ್ನಾಗೇ ಅವ್ಳೆ. ನಿಮ್ ರಾಜಂದೇ ಏನೋ ಐಬಿರ್ಬೇಕು ಬುಡು" ಎಂದರು ಹೊನ್ನಮ್ಮ.

"ಕೆಳಗಡೆ ನೀರು ಬೇರೆ ಇರತ್ತೆ" ಎಂದರು ಅತ್ತೆ, ತಕ್ಷಣ.

"ಮ್ಯಾಲ್ಕೂ ಕೆಳಿಕ್ಕೂ ಒಂದೇ ಸಂಪು ಕಣಮ್ಮೋ!"

ಅತ್ತೆ ಕನ್ನಡಕ ಒರೆಸಿಕೊಂಡರು. ನಮ್ಮವರು ಫ್ಯಾನು ನೋಡಿದರು. ನಾನು ಮಾತ್ರ ಆ ಟೈಲ್ಸ್ ನೋಡುತ್ತಾ ನಿಂತೆ. ನಟ್ಟಿಗೆ ಬೋಲ್ಟು ಕೂರದಿದ್ದರೆ ಎರಡನ್ನೂ ಅಳೆಯಬೇಕು. ಕೆಲಸಕ್ಕೆ ಸೇರಿದ ಮೊದಲ ದಿನ ಕಲಿಸುವ ಪಾಠವೇ ಇದು. ಒಂದನ್ನೇ ಅಳೆದು ರಿಜೆಕ್ಟ್ ಎಂದರೆ ಕಾರ್ಖಾನೆಯಲ್ಲಿ ಮೆಮೊ ಕೊಡುತ್ತಾರೆ. ಮನೆಯಲ್ಲಿ ಮೂರು ಸಲ ಅದನ್ನೇ ಮಾಡಿದ ನನಗೆ ಯಾರು ಮೆಮೊ ಕೊಡಬೇಕು?

ಮೆಟ್ಟಿಲು ಹತ್ತುವಾಗ ನಮ್ಮವರು ಮೆಲ್ಲಗೆ ಹೇಳಿದರು. "ನಾಳೆ ರಜ ಹಾಕ್ತೀನಿ. ಬೆಳಿಗ್ಗೆ ರೆಡಿಯಾಗಿರು, ಹೋಗ್ಬರೋಣ."

ಎಲ್ಲಿಗೆಂದು ಕೇಳಲಿಲ್ಲ. ಕೇಳಿದರೆ ಎಲ್ಲಿ ಮನಸ್ಸು ಬದಲಾಗುತ್ತದೋ ಎಂಬ ಭಯ. ಮೀನು ಬುದ್ಧಿ ಕಲಿಸಿತಲ್ಲ ದೇವರೇ ಎಂದು ಒಳಗೊಳಗೇ ಕುಣಿದೆ. ಬೆಳಿಗ್ಗೆ ಹಸಿರು ರೇಷ್ಮೆ ಅಂಚಿನ ಸೀರೆಯುಟ್ಟು, ನನ್ನ ರಿಪೋರ್ಟುಗಳನ್ನೆಲ್ಲ ಬ್ಯಾಗಿಗೆ ತುಂಬಿಕೊಂಡು ಬೈಕು ಹತ್ತಿದೆ. ದಾಸರಹಳ್ಳಿ ಬಂತು, ಡಾಕ್ಟರಮ್ಮನ ಬೋರ್ಡು ಕಂಡಿತು. ಬೈಕು ನಿಲ್ಲಲಿಲ್ಲ.

ನಿಂತದ್ದು ಯಶವಂತಪುರದ ಮೀನಿನಂಗಡಿಯಲ್ಲಿ!

"ಮೂರೂ ಹೆಣ್ಣು ಫೇಲಾ ಸಾರ್? ಮೊದ್ಲೇ ಹೇಳ್ಬಾರ್ದಾ? ತಲೆ ದೊಡ್ಡದಿರೋ ಗಂಡು ನೋಡಕ್ಕಷ್ಟೇ ಚಂದ, ಎಷ್ಟೋ ಸಲ ಮರಿ ಆಗಲ್ಲ" ಎಂದ ಅಂಗಡಿಯವನು.

"ಹಾಗಾದ್ರೆ ಬೇರೆ ಗಂಡು ಕೊಡಿ!" ಎಂದರು ನಮ್ಮವರು. ಒಂದು ಕ್ಷಣವೂ ಯೋಚಿಸಲಿಲ್ಲ. "ರಾಜ ಮನೇಲೇ ಇರ್ಲಿ, ಷೋಗೆ."

ಮೀನಿಗೆ ಅಷ್ಟು ಬೇಗ ನ್ಯಾಯ ಸಿಕ್ಕಿತು. ಬೋಳು ಹಣೆಯ ಹೊಸ ಗಂಡನ್ನೂ ನಾಲ್ಕನೆಯ ರಾಣಿಯನ್ನೂ ನೀರು ತುಂಬಿದ ಒಂದು ದೊಡ್ಡ ಚೀಲದಲ್ಲಿ, ನಡುವೆ ಪ್ಲಾಸ್ಟಿಕ್ ಅಡ್ಡಕಟ್ಟಿ, ನನ್ನ ಮಡಿಲಿಗಿಟ್ಟರು. ದಾಸರಹಳ್ಳಿ ಮತ್ತೆ ಬಂದಾಗ ನಮ್ಮವರ ಬೆನ್ನು ತಟ್ಟಿ ಹೇಳಿದೆ.

"ಇಲ್ಲಿ ನಿಲ್ಸ್ರೀ. ಇಬ್ರೂ ಬಂದಿದೀವಿ, ರಜಾನೂ ಇದೆ. ಸಣ್ಣ ಟೆಸ್ಟು."

"ತಲೆ ಕೆಟ್ಟಿದ್ಯೇನೇ? ಚೀಲದಲ್ಲಿ ಗಾಳಿ ಮುಗಿದ್ರೆ ಮೀನು ಸತ್ತೋಗ್ತವೆ! ನಿಂಗೆ ಸ್ವಲ್ಪನೂ ಕರುಣೆ ಇಲ್ವಾ?"

ನಾನು ಚೀಲವನ್ನು ರಸ್ತೆಗೆ ಎಸೆಯಬೇಕಿತ್ತು. ಕೈ ಬರಲಿಲ್ಲ. ಮೇಲ್ಸೇತುವೆಯ ಧೂಳು, ಹೆಜ್ಜೆಗೊಂದು ಗುಂಡಿ, ನೆತ್ತಿ ಸುಡುವ ಬಿಸಿಲು. ನೀರು ಕಾಯ್ದೀತೆಂದು ಚೀಲದ ಮೇಲೆ ಸೆರಗು ಹೊದಿಸಿ, ಎರಡೂ ಕೈಯಿಂದ ಹೊಟ್ಟೆಗೆ ಒತ್ತಿ ಹಿಡಿದುಕೊಂಡೆ. ಎಂಟನೇ ಮೈಲಿಯ ಸಿಗ್ನಲ್ಲಿನಲ್ಲಿ ಹೂವು ಮಾರುವ ಅಜ್ಜಿಯೊಬ್ಬಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ನಮ್ಮವರನ್ನು ಗದರಿಸಿದಳು.

"ಮೆಲ್ಲಕೆ ಓಡ್ಸಪ್ಪಾ! ತುಂಬಿದ ಬಸುರಿ ಇಂದ್ಗಡೆ ಕುಂತವ್ಳೆ, ಕಣ್ ಕಾಣಕಿಲ್ವಾ?"

ಹಾಗೆಂದು ನನ್ನ ಮಡಿಲಿಗೆ ಒಂದು ಮೊಳ ಮಲ್ಲಿಗೆ ಹಾಕಿದಳು. ಸಿಗ್ನಲ್ ಬಿಟ್ಟಿತು. ನಮ್ಮವರು ಬೈಕನ್ನು ನಿಧಾನವಾಗಿ, ಗುಂಡಿ ತಪ್ಪಿಸಿ ತಪ್ಪಿಸಿ ಓಡಿಸಿದರು. ನಾನು ಮನೆ ಬರುವವರೆಗೂ ಸೆರಗು ತೆಗೆಯಲಿಲ್ಲ.