ಮರದ ರೊಟ್ಟಿಯವನಿಗೊಂದು ನಮಸ್ಕಾರ

ಹೆಂಡತಿ ಹೇಳಿದ ಒಂದೇ ಒಂದು ಕೆಲಸದಿಂದ ಲುಬೊಶ್‌ಗೆ ಇಷ್ಟೆಲ್ಲ ಫಜೀತಿಯಾಯಿತು.

"ರೀ, ಸಮ್ಮೇಳನ ಮುಗಿದ್ಮೇಲೆ ಚೌಕಕ್ಕೆ ಹೋಗಿ ಆ ಮರದ ರೊಟ್ಟಿಯವನನ್ನ ನೋಡಿ, ಒಂದು ನಮಸ್ಕಾರ ಮಾಡಿ ಬನ್ನಿ," ಎಂದಿದ್ದಳು ಯರ್ಮಿಲಾ. "ಮಧುಚಂದ್ರಕ್ಕೆ ಹೋದಾಗ ನಮಗೆ ಟೋಪಿ ತೆಗೆದ. ನಾನೊಬ್ಳೇ ನಮಸ್ಕಾರ ಮಾಡ್ದೆ, ನೀವು ನೋಡ್ಲೇ ಇಲ್ಲ. ಅವನು ಟೋಪಿ ತೆಗೆಯೋದೇ ಇಲ್ಲ ಅಂತ ಮೂವತ್ತು ವರ್ಷದಿಂದ ನನ್ನೇ ಸುಳ್ಳುಗಾತಿ ಮಾಡ್ತಿದ್ದೀರ."

ಆಗುವುದಿಲ್ಲ ಎನ್ನುವ ಬಾಯಿ ಲುಬೊಶ್‌ಗೆ ಇರಲಿಲ್ಲ. ಹೊರ್ನಿ ಲ್ಹೋಟ ಊರಿನ ಚರ್ಚಿನ ಗಡಿಯಾರ ನೋಡಿಕೊಳ್ಳುವವನು ಅವನು. ಗೋಪುರ ಗಡಿಯಾರದವರ ಸಮ್ಮೇಳನಕ್ಕೆಂದು ಅವನು ಕಾಮೆನೊವ್ ನಗರಕ್ಕೆ ಬಂದಾಗ, ಮಂಡಿನೋವಿನಲ್ಲೂ ನೂರಹನ್ನೆರಡು ಮೆಟ್ಟಿಲು ಹತ್ತಿ ಆ ಗಡಿಯಾರಕ್ಕೆ ಕೀಲಿ ಕೊಡಲು ಒಪ್ಪಿಕೊಂಡವಳು ಅವಳೇ. ಅವಳ ಋಣ ದೊಡ್ಡದು.

ಗಂಟೆಗೊಮ್ಮೆ ಟೌನ್ ಹಾಲ್ ಗಡಿಯಾರದ ಕಿಟಕಿ ತೆರೆದು ಮರದ ಬೊಂಬೆಯಾದ ಈ ರೊಟ್ಟಿಯವನು ಹೊರಬರುತ್ತಾನೆ. ಎಷ್ಟು ಗಂಟೆ ಹೊಡೆಯುತ್ತದೋ ಅಷ್ಟು ಸಲ ಟೋಪಿ ಎತ್ತಿ ಒಳಗೆ ಹೋಗುತ್ತಾನೆ. ಲುಬೊಶ್‌ನ ರೈಲು ಒಂದೂವರೆಗೆ. ಅಂದರೆ ಹನ್ನೊಂದು, ಹನ್ನೆರಡು, ಒಂದು, ಹೀಗೆ ಮೂರೇ ಅವಕಾಶ.

ಹನ್ನೊಂದಕ್ಕೆ ವಂದನಾರ್ಪಣೆ ಅಡ್ಡ ಬಂತು. ಅಧ್ಯಕ್ಷ ಹವ್ರಾನೆಕ್ ಅವರು ಬಾಗಿಲಿನ ಕೀಲಿಗೆ ಎಣ್ಣೆ ಬಿಟ್ಟವನ ತನಕ ಒಬ್ಬರನ್ನೂ ಬಿಡದೆ ವಂದಿಸಿದರು. ಲುಬೊಶ್ ಬಗ್ಗಿಕೊಂಡು ಬಾಗಿಲ ಹತ್ತಿರ ಸರಿದದ್ದೇ ತಪ್ಪಾಯಿತು.

"ಅಗೋ ನೋಡಿ, ಲುಬೊಶ್ ಅವರು! ಸನ್ಮಾನ ಅಂದ್ರೆ ಓಡ್ತಾರೆ! ಬನ್ನಿ ಸ್ವಾಮಿ, ನಾಚ್ಕೋಬೇಡಿ!"

ಮೂವತ್ತು ವರ್ಷದ ಸೇವೆಗೆಂದು ಅವನ ಕೈಗೆ ಅವನಷ್ಟೇ ಎತ್ತರದ ಹಿತ್ತಾಳೆಯ ಲೋಲಕ ಬಂತು. ಕಣ್ಣಲ್ಲಿ ನೀರೂ ಬಂತು. ಹನ್ನೊಂದು ಹೊಡೆದದ್ದು ಅವನಿಗೆ ಕೇಳಿಸಲೇ ಇಲ್ಲ.

ಹನ್ನೆರಡರ ಹೊತ್ತಿಗೆ ಲೋಲಕ ಟ್ರಾಮಿನ ಬಾಗಿಲಿಗೆ ಸಿಕ್ಕಿಕೊಂಡಿತ್ತು. ಚಾಲಕಿ ಇಳಿದು ಬಂದು ಎಳೆದಳು, ಇಬ್ಬರು ಅಜ್ಜಿಯರು ತಳ್ಳಿದರು, ಒಬ್ಬರಂತೂ ಚೀಲದಿಂದ ಬೆಣ್ಣೆ ತೆಗೆದು ಸವರಿದರು.

"ಸುಮ್ನಿರಪ್ಪಾ, ನೀನು ಎಳೆದ್ರೆ ಇನ್ನೂ ಸಿಕ್ಕಾಕೊಳ್ಳತ್ತೆ!" ಎಂದು ಗದರಿದರು ಆ ಅಜ್ಜಿ.

ದೂರದಲ್ಲಿ ಹನ್ನೆರಡೂ ಹೊಡೆಯಿತು. ರೊಟ್ಟಿಯವನು ಹನ್ನೆರಡು ಸಲ ಟೋಪಿ ತೆಗೆದು ಒಳಗೆ ಹೋದ.

ಉಳಿದದ್ದು ಒಂದು ಗಂಟೆ, ಒಂದೇ ಹೊಡೆತ. ಚೌಕ ಮುಟ್ಟುವಾಗ ಐದು ನಿಮಿಷವಿತ್ತು, ಎದುರಿಗೆ ಜನವೋ ಜನ. ಸಾಲದ್ದಕ್ಕೆ, ಊರು ತೋರಿಸಲು ಹವ್ರಾನೆಕ್ ಅವರು ಇಡೀ ಸಮ್ಮೇಳನವನ್ನೇ ಅಲ್ಲಿಗೆ ಎಳೆದು ತಂದಿದ್ದರು. ಲುಬೊಶ್ ಸಾಸೇಜ್ ಮಾರುವ ಬೋಜೆನಾಳ ಮುಂದೆ ಹೆಂಡತಿಯ ಕತೆಯೆಲ್ಲ ಹೇಳಿಕೊಂಡ, ಅಳುವುದೊಂದು ಬಾಕಿ.

"ಅಯ್ಯೋ, ಮೂವತ್ತು ವರ್ಷವೇ? ತಗೊಳ್ಳಿ, ನನ್ನ ಸ್ಟೂಲ್ ಹತ್ತಿ! ಏಯ್, ದಾರಿ ಬಿಡ್ರೋ! ಇವರ ಹೆಂಡ್ತಿಗೆ ಮಂಡಿನೋವು!"

ಮಂಡಿನೋವಿಗೂ ದಾರಿಗೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ. ಜನ ಸರಿದರು. ಯಾರೋ ಲೋಲಕ ಹಿಡಿದರು, ಯಾರೋ ಸ್ಟೂಲ್ ಹಿಡಿದರು. ಲುಬೊಶ್‌ನ ಎದೆ ತುಂಬಿ ಬಂತು. ಗುರುತು ಪರಿಚಯವಿಲ್ಲದ ಇಷ್ಟು ಜನ ತನಗಾಗಿ ನಿಂತಿದ್ದಾರೆ! ಒಬ್ಬೊಬ್ಬರ ಕೈಯನ್ನೂ ಹಿಡಿದು ಕೃತಜ್ಞತೆ ಹೇಳಬೇಕೆನ್ನಿಸಿತು.

ಕಿಟಕಿ ಕಿರ್ರೆಂದಿತು. ಢಣ್!

ಲುಬೊಶ್ ತಲೆ ಎತ್ತಿದಾಗ ಕಿಟಕಿ ಮುಚ್ಚಿತ್ತು. ಸುತ್ತಲೂ ನಲವತ್ತು ಗಡಿಯಾರದವರು ಆಗಷ್ಟೇ ತಂತಮ್ಮ ಕೈಗಡಿಯಾರದಿಂದ ತಲೆ ಎತ್ತುತ್ತಿದ್ದರು.

"ಒಂಬತ್ತು ಸೆಕೆಂಡು ತಡ!" ಎಂದರು ಹವ್ರಾನೆಕ್.

"ಹನ್ನೊಂದು!" ಎಂದುಬಿಟ್ಟ ಲುಬೊಶ್. ಆಮೇಲೆ ಬಾಯಿ ಮುಚ್ಚಿಕೊಂಡ.

ಬೋಜೆನಾ ಸ್ಟೂಲ್ ವಾಪಸ್ ತೆಗೆದುಕೊಂಡಳು.

ರೈಲು ಹತ್ತಿ ಕೂತವನು ಹೆಂಡತಿಗೆ ಫೋನ್ ಮಾಡಿದ.

"ನಮಸ್ಕಾರ ಮಾಡಿದ್ರಾ?"

ಲುಬೊಶ್ ಕೆಮ್ಮಿದ.

"ಕೈಗಡಿಯಾರ ನೋಡ್ಕೊಂಡು ನಿಂತ್ರಿ, ಅಲ್ವಾ?" ಯರ್ಮಿಲಾ ಬಿದ್ದು ಬಿದ್ದು ನಕ್ಕಳು. "ಮಧುಚಂದ್ರದಲ್ಲೂ ಅದೇ ಕತೆ. ಹೋಗ್ಲಿ ಬಿಡಿ."

"ಹನ್ನೊಂದು ಸೆಕೆಂಡು ತಡ ಕಣೇ! ನಗರ ಅಂತೆ ನಗರ! ನಮ್ಮೂರಿನ ಗಡಿಯಾರ ನೋಡಿ ಕಲೀಲಿ!"

ಆ ಕಡೆ ನಗು ನಿಂತಿತು.

"ರೀ... ನಮ್ಮದು ಮೊನ್ನೇನೇ ನಿಂತೋಯ್ತು. ಇಪ್ಪತ್ತು ಮೆಟ್ಟಿಲು ಹತ್ತಿದೆ, ಮಂಡಿ ಕೈಕೊಡ್ತು."

ಲುಬೊಶ್ ಸೀಟಿನಿಂದ ಎದ್ದೇಬಿಟ್ಟ. "ಊರವರು ಏನಂದ್ರು?"

"ಯಾರಿಗೂ ಗೊತ್ತೇ ಆಗ್ಲಿಲ್ಲ ಕಣ್ರೀ. ಪಾದ್ರಿಗಳು ಮಾತ್ರ ಒಂದು ಕೇಕ್ ಕೊಟ್ಟು ಹೋದ್ರು. ರಾತ್ರಿಯೆಲ್ಲ ಗಂಟೆ ಹೊಡೀಲಿಲ್ವಲ್ಲ, ಇಷ್ಟು ವರ್ಷದಲ್ಲಿ ಮೊದಲ ಸಲ ನೆಮ್ಮದಿಯಾಗಿ ನಿದ್ದೆ ಬಂತಂತೆ. ನಿಮಗೆ ತುಂಬಾ ತುಂಬಾ ಧನ್ಯವಾದ ಹೇಳ್ಬೇಕಂತೆ."