ಸೊಪ್ಪಿನ ಕೋಣೆಯ ಕಂಪ್ಯೂಟರು

ನನಗೆ ಆರಿಸುವುದು ಬರುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅಂಗಡಿಯಲ್ಲಿ ಒಂದೇ ಬಣ್ಣದ ಟವೆಲ್ ಇದ್ದರೆ ನೆಮ್ಮದಿಯಿಂದ ಕೊಂಡು ಬರುತ್ತೇನೆ. ಎರಡು ಬಣ್ಣವಿದ್ದರೆ ಎದೆ ಡವಡವ ಎನ್ನುತ್ತದೆ. ಬಿಡದಿಯ ತಟ್ಟೆ ಇಡ್ಲಿ ಹೋಟೆಲುಗಳ ಮೇಲೆ ನನಗಿರುವ ಭಕ್ತಿಗೆ ರುಚಿಯೊಂದೇ ಕಾರಣವಲ್ಲ. ಅಲ್ಲಿ ಸಪ್ಲೈಯರು ಏನು ಬೇಕೆಂದು ಕೇಳುವುದಿಲ್ಲ, ಎಷ್ಟು ಬೇಕೆಂದಷ್ಟೇ ಕೇಳುತ್ತಾನೆ. ನನ್ನ ಹೆಂಡತಿ ಮಂಜುಳಾಳನ್ನು ಆರಿಸಿದ್ದು ಕೂಡ ನಾನಲ್ಲ, ನಮ್ಮವ್ವ. ಅದಕ್ಕೇ ಸಂಸಾರ ಚೆನ್ನಾಗಿ ನಡೆದಿದೆ. ಇಂಥ ಮನುಷ್ಯನ ಹಣೆಗೆ, ನಲವತ್ತಾರನೆಯ ವಯಸ್ಸಿನಲ್ಲಿ, ಒಂದು ಕಂಪ್ಯೂಟರಿನ ಒಂದೊಂದು ಭಾಗವನ್ನೂ ತಾನೇ ಆರಿಸಿ ಜೋಡಿಸಿಕೊಳ್ಳುವ ಕೆಲಸ ಬಂತು.

ಚನ್ನಪಟ್ಟಣದಲ್ಲಿ ನನ್ನದೊಂದು ಸಣ್ಣ ಸ್ಟುಡಿಯೊ ಇದೆ. ಮದುವೆ, ಗೃಹಪ್ರವೇಶ, ನಾಮಕರಣ, ಎಲ್ಲದರ ವಿಡಿಯೊ ಮಾಡುತ್ತೇನೆ. ಹಳೆಯ ಕಂಪ್ಯೂಟರಿಗೆ ಹೊಸ ಕ್ಯಾಮೆರಾದ ವಿಡಿಯೊ ಹಾಕಿದರೆ ಅದು ಮುಹೂರ್ತದಲ್ಲೇ ನಿಂತುಬಿಡುತ್ತಿತ್ತು. ವರ ತಾಳಿ ಎತ್ತಿದರೆ ಎತ್ತಿದ ಹಾಗೇ, ಇಳಿಸುವಂತಿಲ್ಲ, ಕಟ್ಟುವಂತಿಲ್ಲ. ಹೀಗೆ ನಿಂತುಹೋದ ಮದುವೆಗಳಲ್ಲಿ ನನ್ನ ಅಕ್ಕನ ಮಗಳು ರೂಪಾಳದೂ ಒಂದು. ಒಂದು ತಿಂಗಳಲ್ಲಿ ಕೊಡುತ್ತೇನೆ ಅಂದಿದ್ದೆ. ರೂಪಾ ಬಸುರಿಯಾದಳು, ಮೂರು ತುಂಬಿತು, ಐದು ತುಂಬಿತು, ವಿಡಿಯೊ ಮಾತ್ರ ಬರಲಿಲ್ಲ. ಅಕ್ಕ ಫೋನಿನಲ್ಲಿ ಬೈಯುತ್ತಿದ್ದಳು, ಅದನ್ನು ತಡೆದುಕೊಳ್ಳಬಹುದಿತ್ತು. ತಡೆಯಲಾಗದೇ ಇದ್ದದ್ದು ಅವ್ವ ಬೈಯದೇ ಇದ್ದದ್ದು. ಮೊಮ್ಮಗಳ ಮದುವೆಗೆ ಅವ್ವ ಬಂದೇ ಇರಲಿಲ್ಲ. ನಮ್ಮದು ರೇಷ್ಮೆ ಹುಳು ಸಾಕುವ ಮನೆ. ಮದುವೆಯ ದಿನವೇ ಹುಳು ಹಣ್ಣಾದವು. ಹಣ್ಣಾದ ಹುಳುವನ್ನು ಆಗಿಂದಾಗಲೇ ಆಯ್ದು ಗೂಡು ಕಟ್ಟಲು ಚಂದ್ರಿಕೆಯೆಂಬ ಬಿದಿರ ತಟ್ಟಿಗೆ ಬಿಡಬೇಕು, ಅವು ನೆಂಟರ ಹಾಗೆ ಕಾಯುವುದಿಲ್ಲ. ನೀವೆಲ್ಲ ಹೋಗಿ ಬನ್ನಿ ಎಂದು ಅವ್ವ ಒಬ್ಬಳೇ ಉಳಿದಳು. ವಾಪಸು ಬಂದಾಗ ಹೇಗಾಯಿತು ಎಂದು ಕೇಳಲಿಲ್ಲ. "ವಿಡಿಯೊ ಬಂದ್ಮೇಲೆ ಧಾರೆ ನೋಡ್ತೀನಿ ಬುಡು" ಅಂದಳು, ಅಷ್ಟೇ. ಅವತ್ತಿನಿಂದ ಅವ್ವನ ಎದುರು ಕೂತು ಮುದ್ದೆ ಉಣ್ಣುವುದನ್ನೇ ತಪ್ಪಿಸತೊಡಗಿದೆ.

ಹಾಗಾದರೆ ಬೇಗ ಒಂದು ಕಂಪ್ಯೂಟರು ತರಬಾರದಿತ್ತೇ ಎನ್ನುತ್ತೀರಿ. ನೀವು ಆ ಪಟ್ಟಿ ನೋಡಿಲ್ಲ. ಬೆಂಗಳೂರಿನ ಅಂಗಡಿಯವರು ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್, ಎರಡು ಡಿಸ್ಕು, ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡು, ಪವರ್ ಸಪ್ಲೈ, ಡಬ್ಬಿ ಎಂದು ಬರೆದುಕೊಟ್ಟು, ನಿಧಾನವಾಗಿ ಆರಿಸಿ ಸಾರ್ ಅಂದರು. ಈ ಪ್ರೊಸೆಸರ್ ಆ ಬೋರ್ಡಿಗೆ ಕೂರುವುದಿಲ್ಲ, ಆ ಬೋರ್ಡಿಗೆ ಈ ರ‍್ಯಾಮ್ ಆಗುವುದಿಲ್ಲ, ಎಲ್ಲ ಕೂಡಿಬಂತು ಅನ್ನುವಷ್ಟರಲ್ಲಿ ಕಾರ್ಡು ಒಂದು ಬೆರಳು ಉದ್ದವಾಗಿ ಡಬ್ಬಿಯೊಳಗೆ ಹೋಗುವುದಿಲ್ಲ. ಜಾತಕ ಕೂಡಿಸುವ ಜೋಯಿಸರಿಗಾದರೂ ಎರಡೇ ಜಾತಕ, ನನಗೆ ಎಂಟು. ಮೊಬೈಲಿನಲ್ಲಿ ಇದರ ಬಗ್ಗೆ ಮಾತಾಡುವವರ ವಿಡಿಯೊ ನೋಡಿದೆ. ಒಬ್ಬ ಇದನ್ನೇ ಕೊಳ್ಳಿ ಅನ್ನುತ್ತಿದ್ದ. ಇನ್ನೊಬ್ಬ ಅದನ್ನು ಕೊಂಡವರು ಅಳುತ್ತಿದ್ದಾರೆ ಅನ್ನುತ್ತಿದ್ದ. ಮೂರನೆಯವನು ಇನ್ನು ಎರಡು ತಿಂಗಳು ಕಾಯಿರಿ, ಹೊಸದು ಬರುತ್ತದೆ ಅನ್ನುತ್ತಿದ್ದ. ನಾನು ಮೂವರ ಮಾತನ್ನೂ ನಂಬಿದೆ. ಕೆಂಗಲ್ ಆಂಜನೇಯನಿಗೆ ಪ್ರದಕ್ಷಿಣೆ ಹಾಕುವಾಗಲೂ ನನ್ನ ಬಾಯಲ್ಲಿ ಪವರ್ ಸಪ್ಲೈ ಎಷ್ಟು ವಾಟಿನದು ಎಂಬ ಲೆಕ್ಕವೇ ಓಡುತ್ತಿತ್ತು. ನಾಲ್ಕು ತಿಂಗಳು ಹೀಗೆ ಹೋದವು.

ಇಷ್ಟೂ ಅರ್ಧ ಸತ್ಯ. ಇನ್ನರ್ಧ ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ನಾನು ಚಿಕ್ಕವನಿದ್ದಾಗ ಅವ್ವನ ಜೊತೆ ಅವಳ ತವರಿಗೆ, ಮಾಗಡಿ ಕಡೆಗೆ, ಬಸ್ಸಿನಲ್ಲಿ ಹೋಗುತ್ತಿದ್ದೆ. ಬಸ್ಸು ಸ್ಟ್ಯಾಂಡಿಗೆ ತಿರುಗುವಾಗಲೇ ಅವ್ವ ಓಡಿಹೋಗಿ ಕಿಟಕಿಯಿಂದ ಟವೆಲ್ ಎಸೆದು ಡ್ರೈವರ್ ಹಿಂದಿನ ಸೀಟು ಹಿಡಿಯುತ್ತಿದ್ದಳು, ನನಗೋಸ್ಕರ. ಸಾವನದುರ್ಗದ ಬಂಡೆ ಕಾಣುವವರೆಗೂ ನಾನು ಡ್ರೈವರ್ ಕೈಯನ್ನೇ ನೋಡುತ್ತಿದ್ದೆ. ದೊಡ್ಡವನಾದ ಮೇಲೆ ಬಸ್ ಡ್ರೈವರ್ ಆಗುತ್ತೇನೆ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೆ, ಆ ಆಸೆ ಕಣ್ಣಿನ ಡಾಕ್ಟರ ಕೋಣೆಯಲ್ಲಿ ಮುಗಿಯಿತು. ಈಗ ಕಂಪ್ಯೂಟರಿನಲ್ಲಿ ಬಸ್ಸು ಓಡಿಸುವ ಆಟವೊಂದಿದೆ. ಯಾರೋ ಪುಣ್ಯಾತ್ಮರು ನಮ್ಮ ಕೆಂಪು ಬಸ್ಸನ್ನೇ ತಂದು ಆ ಆಟದೊಳಗೆ ಕೂರಿಸಿದ್ದಾರೆ. ಅದು ಸರಾಗವಾಗಿ ಓಡಬೇಕಾದರೆ ದೊಡ್ಡ ಗ್ರಾಫಿಕ್ಸ್ ಕಾರ್ಡು ಬೇಕು. ಮದುವೆ ವಿಡಿಯೊಗೆ ಅಷ್ಟು ದೊಡ್ಡದು ಬೇಡ. ಮನೆಯಲ್ಲಿ ಮಾತ್ರ ಎಲ್ಲವೂ ಎಡಿಟಿಂಗಿಗೆ ಎಂದೇ ಹೇಳಿದೆ. ದೊಡ್ಡ ಕಾರ್ಡಿಗೆ ದುಡ್ಡು ಹೊಂದಲಿ ಎಂದು ಪಟ್ಟಿಯಿಂದ ಎರಡನೇ ಡಿಸ್ಕನ್ನು ಹೊಡೆದುಹಾಕಿದೆ. ವಿಡಿಯೊಗಳ ಇನ್ನೊಂದು ಪ್ರತಿ ಇಟ್ಟುಕೊಳ್ಳಲು ಇದ್ದ ಡಿಸ್ಕು ಅದು.

ಪ್ರೊಸೆಸರಿನಲ್ಲೂ ಒಂದಿಷ್ಟು ಉಳಿಸಲು ನೋಡಿದೆ. ಒಂದೇ ಹೆಸರಿನಲ್ಲಿ ಎರಡು ಬಗೆ ಇದ್ದವು. ಒಂದರೊಳಗೇ ಚಿತ್ರ ತೋರಿಸುವ ಸಣ್ಣ ಏರ್ಪಾಡು ಇರುತ್ತದೆ, ಇನ್ನೊಂದರಲ್ಲಿ ಅದಿಲ್ಲ, ಬೆಲೆ ಕಡಿಮೆ. ಹೇಗೂ ಕಾರ್ಡು ಇರುತ್ತದಲ್ಲ, ಇಲ್ಲದ್ದೇ ಸಾಕು ಅಂದೆ. ಬಿಡದಿಯ ಕಾರ್ಖಾನೆಯಲ್ಲಿ ಕೆಲಸ ಮಾಡುವ ಮಂಜುಳಾ ಅವತ್ತು ರಜಾ ಹಾಕಿ ಅಂಗಡಿಗೆ ಜೊತೆಯಲ್ಲಿ ಬಂದಿದ್ದಳು. ಒಳಗೇ ಇಟ್ಟು ಕೊಡುತ್ತೇವೆ ಅಂದರೆ ಬೇಡ ಎನ್ನುವವರನ್ನು ಇವತ್ತೇ ನೋಡಿದ್ದು ಅಂದಳು. "ಇರ್ಲಿ ತಗೊಳ್ರಿ, ಸ್ಟೆಪ್ನಿ ಇದ್ದಂಗೆ." ಅಂಗಡಿಯವರು ತಲೆಯಾಡಿಸಿದರು. ನಾನು ಏರ್ಪಾಡು ಇರುವುದನ್ನೇ ಕೊಂಡೆ. ಹಳೆಯ ಕಂಪ್ಯೂಟರನ್ನು ಅಲ್ಲೇ ಕೊಟ್ಟು, ಅದರಲ್ಲಿದ್ದ ಮದುವೆಗಳನ್ನೆಲ್ಲ ಹೊಸದಕ್ಕೆ ತುಂಬಿಸಿಕೊಂಡು ಬಂದೆ.

ಹೊಸದನ್ನು ಇಟ್ಟದ್ದು ಸ್ಟುಡಿಯೊದಲ್ಲಲ್ಲ, ಮನೆಯ ಹಿಂದಿನ ಸೊಪ್ಪಿನ ಕೋಣೆಯಲ್ಲಿ. ಹುಳು ಮನೆಗೆ ಅಂಟಿಕೊಂಡ ಈ ಕೋಣೆಯಲ್ಲಿ ಕಿತ್ತು ತಂದ ಹಿಪ್ಪುನೇರಳೆ ಸೊಪ್ಪನ್ನು ಬಾಡದಂತೆ ಇಡುತ್ತೇವೆ. ಸ್ಟುಡಿಯೊದ ತಗಡಿನ ಸೂರಿಗಿಂತ ಇದು ತಂಪು ಎಂದು ಹೇಳಿದೆ. ನಿಜವಾದ ಕಾರಣ ಬೇರೆ. ಹುಳು ಮನೆಯ ಕಡೆಗೆ ಹೊರಗಿನವರನ್ನು ಬಿಡುವ ಪದ್ಧತಿ ನಮ್ಮಲ್ಲಿಲ್ಲ, ಹುಳುವಿಗೆ ರೋಗ ಬರುತ್ತದೆ, ದೃಷ್ಟಿಯೂ ಆಗುತ್ತದೆ. ಬಸ್ಸು ಓಡಿಸಲು ಅದಕ್ಕಿಂತ ಒಳ್ಳೆಯ ರಸ್ತೆ ಎಲ್ಲಿ ಸಿಗಬೇಕು? ಬೆಳಗ್ಗೆ ಒಂದು ಗಂಟೆ ರೂಪಾಳ ಮದುವೆ ಕತ್ತರಿಸುವುದು, ಆಮೇಲೆ ಎರಡು ಗಂಟೆ ಬಸ್ಸು. ಒಂದು ದಿನ ಘಾಟಿ ಇಳಿಸುತ್ತಿದ್ದಾಗ ಅವ್ವ ಸೊಪ್ಪಿನ ಹೊರೆ ಹೊತ್ತು ಒಳಗೆ ಬಂದಳು. ಇದು ದಿಬ್ಬಣದ ಬಸ್ಸು ಎಂದುಬಿಟ್ಟೆ. ಅವ್ವ ಹೊರೆ ಇಳಿಸಿ, ಕಣ್ಣು ಕಿರಿದು ಮಾಡಿ ನೋಡಿದಳು.

"ಬಸ್ಸಲ್ಲಿ ಒಂದು ನರಪಿಳ್ಳೆನೂ ಇಲ್ವಲ್ಲಾ ಮಗ. ನೆಂಟ್ರೆಲ್ಲ ಎಲ್ಲೋದ್ರು?"

ಇಳಿದಿದ್ದಾರೆ, ಕಾಫಿಗೆ ನಿಲ್ಲಿಸಿತ್ತು ಅಂದೆ. ಬಸ್ಸು ಆಗ ಇಳಿಜಾರಿನಲ್ಲಿ ಜೋರಾಗಿ ಓಡುತ್ತಿತ್ತು. ಅವ್ವ ಸೊಪ್ಪು ಹರಡತೊಡಗಿದಳು.

ಸೀಮಂತದ ದಿನ ಗೊತ್ತಾಯಿತು. ಇನ್ನು ಐದೇ ದಿನ. ಸೀಮಂತದ ಮನೆಯಲ್ಲಿ ಮದುವೆಯ ವಿಡಿಯೊ ಹಾಕದಿದ್ದರೆ ತಮ್ಮ ಅನ್ನುವುದನ್ನು ಮರೆಯುತ್ತೇನೆ ಎಂದಳು ಅಕ್ಕ. ಆವತ್ತಿನಿಂದ ಬಸ್ಸು ಡಿಪೊ ಸೇರಿತು. ಮೂರು ದಿನ ಹಗಲೆಲ್ಲ ಕೂತು ಕೆಲಸ ಮುಗಿಸಿದೆ. ಕಡೆಗೆ ಎಲ್ಲವನ್ನೂ ಸೇರಿಸಿ ಒಂದೇ ವಿಡಿಯೊ ಮಾಡಲು ಕಂಪ್ಯೂಟರಿಗೆ ಹೇಳಿದಾಗ ಮಧ್ಯಾಹ್ನವಾಗಿತ್ತು. ಫ್ಯಾನುಗಳೆಲ್ಲ ಭರ್ರೆಂದು ತಿರುಗಿದವು, ಡಬ್ಬಿಯ ಮೇಲೆ ಕೈಯಿಟ್ಟರೆ ಬಿಸಿ. ಆಗುತ್ತಿರಲಿ ಎಂದು ಊಟಕ್ಕೆ ಹೋದೆ. ಎರಡು ತುತ್ತು ಒಳಗೆ ಹೋಗುವಷ್ಟರಲ್ಲಿ ಮನಸ್ಸು ತಡೆಯದೆ ಎಂಜಲು ಕೈಯಲ್ಲೇ ಎದ್ದು ಬಂದೆ.

ಕೋಣೆಯಲ್ಲಿ ಭರ್ರೆನ್ನುವ ಸದ್ದು ಇರಲಿಲ್ಲ. ಕಂಪ್ಯೂಟರಿನ ಮೇಲೆ, ತಲೆಯಿಂದ ಬುಡದವರೆಗೆ, ನೀರು ಸೋರುವ ಒಂದು ಗೋಣಿತಾಟು ಹೊದಿಸಿತ್ತು. ಸೊಪ್ಪು ಬಾಡದಂತೆ ಹೊದಿಸುವ ಗೋಣಿ. ಪಕ್ಕದಲ್ಲಿ ಅವ್ವ, ಕೈಯಲ್ಲಿ ಚೊಂಬು.

"ಏದುಸಿರು ಬುಡ್ತಿತ್ತು ಕಣ್ಲಾ. ಮುಟ್ಟುದ್ರೆ ಮೈಯೆಲ್ಲ ಸುಡ್ತಾ ಐತೆ. ರೂಪನ ಮದ್ವೆ ಒಳ್ಗಡೆ ಐತಲ್ಲ ಅಂತ ಒಸಿ ತಣ್ಗೆ ಮಾಡ್ದೆ."

ಸ್ವಿಚ್ ತೆಗೆದು ಗೋಣಿ ಎಳೆದೆ, ಡಬ್ಬಿಯ ಮೇಲಿನ ಜಾಲರಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಇದ್ದದ್ದೊಂದೇ ಡಿಸ್ಕು. ಕ್ಯಾಮೆರಾದಲ್ಲಿದ್ದದ್ದನ್ನು ಎಂದೋ ಅಳಿಸಿ ಬೇರೆ ಮದುವೆ ತುಂಬಿದ್ದೆ. ಅವ್ವ ನೋಡದ ಆ ಧಾರೆ ಇನ್ನು ಯಾರೂ ನೋಡಲಾಗದಂತೆ ಹೋಯಿತೇನೋ. ಎರಡನೇ ಡಿಸ್ಕಿನ ಜಾಗದಲ್ಲಿ ನಾನು ಬಸ್ಸು ಕೊಂಡಿದ್ದೆ. ಏನಾದರೂ ಕೆಟ್ಟಿತೇ ಎಂದು ಅವ್ವ ಕೇಳಿದಳು. ಏನಿಲ್ಲ ಬಿಡವ್ವ ಅಂದೆ.

ಅಂಗಡಿಯವರಿಗೆ ಫೋನು ಮಾಡಿ ನೀರು ಬಿತ್ತು ಅಂದೆ. ಹೇಗೆ ಬಿತ್ತು ಎಂದು ಕೇಳಿದರು, ಹೇಳಿದೆ. ಆಮೇಲೆ, ಬಿಚ್ಚಿ, ಎಲ್ಲವನ್ನೂ ಗಾಳಿಗಿಟ್ಟು, ನಾಳೆವರೆಗೆ ಮುಟ್ಟಬೇಡಿ ಎಂದರು. ಹುಳು ಮನೆಯ ಖಾಲಿ ತಟ್ಟೆಯಲ್ಲಿ ಪ್ರೊಸೆಸರ್, ರ‍್ಯಾಮ್, ಡಿಸ್ಕು, ಕಾರ್ಡು ಎಲ್ಲವನ್ನೂ ಸಂಡಿಗೆಯ ಹಾಗೆ ಹರಡಿಟ್ಟು ಕಾದೆ. ಮರುದಿನ ಜೋಡಿಸಿ ಸ್ವಿಚ್ ಹಾಕಿದರೆ ಪರದೆ ಕಪ್ಪು. ಮತ್ತೆ ಫೋನು. "ಕಾರ್ಡ್ ತೆಗ್ದು ಪಕ್ಕಕ್ಕಿಡಿ ಸಾರ್, ವಯರನ್ನ ಬೋರ್ಡಿಗೇ ಸಿಕ್ಕಿಸಿ. ನಿಮ್ಮನೆಯೋರು ಸ್ಟೆಪ್ನಿ ಕೊಡಿಸಿದಾರಲ್ಲ." ಸಿಕ್ಕಿಸಿದೆ. ಪರದೆ ಬೆಳಗಿತು. ಡಿಸ್ಕು ಇತ್ತು, ಮದುವೆ ಇತ್ತು. ನೀರೆಲ್ಲ ಬಿದ್ದದ್ದು ಕಾರ್ಡಿನ ಅಗಲವಾದ ಬೆನ್ನಿನ ಮೇಲೆ. ಅದು ಕೊಡೆಯ ಹಾಗೆ ಕೆಳಗಿದ್ದುದನ್ನೆಲ್ಲ ಕಾಪಾಡಿ ತಾನು ಸತ್ತಿತ್ತು. ಸತ್ತದ್ದು ಬಸ್ಸೊಂದೇ. ಏನೂ ಕೆಟ್ಟಿಲ್ಲ ಎಂದು ಅವ್ವನಿಗೆ ಹೇಳಿದ್ದು ಸುಳ್ಳಾಗಲಿಲ್ಲ, ಏಕೆಂದರೆ ಕೆಟ್ಟದ್ದು ಬಸ್ಸಿಗೆಂದೇ ಕೊಂಡದ್ದು, ಅದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಸೀಮಂತದ ಹಿಂದಿನ ಸಂಜೆ ವಿಡಿಯೊ ಸಿದ್ಧವಾಯಿತು. ಎಲ್ಲರಿಗಿಂತ ಮೊದಲು ಅವ್ವನನ್ನು ಕರೆದು ಸ್ಟೂಲಿನ ಮೇಲೆ ಕೂರಿಸಿದೆ. ಅವಳು ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಮದುವೆ ಮನೆಗೇ ಬಂದವಳ ಹಾಗೆ ಕೂತಳು. ಧಾರೆಯ ಹೊತ್ತಿಗೆ ಕಣ್ಣಲ್ಲಿ ನೀರು ತುಂಬಿಕೊಂಡಳು. ರೂಪಾ ಮಾಗಡಿಯ ನಮ್ಮಜ್ಜಿಯನ್ನೇ ಅಚ್ಚೊತ್ತಿದ ಹಾಗಿದ್ದಾಳೆ ಅಂದಳು. ನನಗೂ ಅಳು ಬಂತು, ಅದರಲ್ಲಿ ಅರ್ಧ ನಾಚಿಕೆ. ವಿಡಿಯೊ ಮುಗಿದ ಮೇಲೆ ಅವ್ವ ಸ್ವಲ್ಪ ಹೊತ್ತು ಕಾದಳು. ದಿಬ್ಬಣದ ಬಸ್ಸು ಇನ್ನೂ ಬರಬೇಕಿತ್ತು ಅನ್ನುವ ಹಾಗೆ ಪರದೆಯನ್ನೇ ನೋಡಿದಳು, ಆಮೇಲೆ ಎದ್ದು ಹುಳುವಿಗೆ ಸೊಪ್ಪು ಹಾಕಲು ಹೋದಳು.

ಮರುವಾರ ಸತ್ತ ಕಾರ್ಡನ್ನು ಚೀಲದೊಳಗೆ ಅಡಗಿಸಿಕೊಂಡು ಬೆಂಗಳೂರಿಗೆ ಹೊರಟೆ. ಕ್ಯಾಮೆರಾ ರಿಪೇರಿ ಎಂದು ಹೇಳಿದ್ದೆ. ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ ಅವ್ವ ಒಳಗಿನಿಂದ ಒಂದು ಟವೆಲ್ ತಂದು ಹೆಗಲಿಗೆ ಹಾಕಿದಳು. ಯಾಕವ್ವ ಅಂದೆ.

"ಕಿಟಕಿಯಿಂದ ಎಸ್ದು ಡ್ರೈವರ್ ಹಿಂದ್ಲ ಸೀಟು ಹಿಡ್ಕೊ. ದಿಬ್ಬಣದ್ ಬಸ್ಸಂತೂ ನಾನೇ ಕೆಡಿಸ್ಬುಟ್ಟೆ."

ಚಪ್ಪಲಿ ಮೆಟ್ಟಿ ಹೊರಟೆ. ಚನ್ನಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಬೆಂಗಳೂರಿನ ಎರಡು ಕೆಂಪು ಬಸ್ಸು ನಿಂತಿದ್ದವು. ಎರಡರಲ್ಲೂ ಡ್ರೈವರ್ ಹಿಂದಿನ ಸೀಟು ಖಾಲಿ. ಯಾವುದಕ್ಕೆ ಎಸೆಯುವುದೆಂದು ಟವೆಲ್ ಹಿಡಿದು ಯೋಚಿಸುತ್ತ ನಿಂತೆ, ಎರಡೂ ಹೊರಟುಹೋದವು.